ಬಂದಳಿಕೆಯಲ್ಲದ ಗಿಡ

ನನ್ನನ್ನು ಹೆಗ್ಗಡದೇವನಕೋಟೆಗೆ ಹಾಕಿದ್ದಾರೆ ಎಂದು ತಿಳಿದಾಗ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕಲಿತವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಕೋಟೆ ಎಂದರೆ ಆಗ ಚಳಿಜ್ವರದ ಊರು. ಗಂಡ ಮಕ್ಕಳು ಇದ್ದವರು ಅರ್ಜಿ ಬರೆದು, ಯಾರನ್ನಾದರೂ ಹಿಡಿದು, ಅಲ್ಲಿಗೆ ಹೋಗುವುದನ್ನು ತಪ್ಪಿಸಿಕೊಳ್ಳುತ್ತಿದ್ದರು. ಅರ್ಜಿಯಲ್ಲಿ ಬರೆಯಲು ನನಗೆ ಕಾರಣವೇ ಇರಲಿಲ್ಲ. ಹದಿನಾರು ತುಂಬುವುದರೊಳಗೆ ಗಂಡ ಹೋಗಿದ್ದ. ಎಡತೊರೆಯ ತವರಿನಲ್ಲಿ ಅಣ್ಣನ ಸಂಸಾರ ದೊಡ್ಡದಾಗಿತ್ತು. ಹೆರಿಗೆ ಮಾಡಿಸುವ ಕೆಲಸ ಕಲಿಸಿ ಸರ್ಕಾರವೇ ನೌಕರಿ ಕೊಡುತ್ತದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅಣ್ಣನೇ ನನ್ನನ್ನು ಮೈಸೂರಿಗೆ ಬಿಟ್ಟು ಬಂದಿದ್ದ. ಹೀಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸರ್ಕಾರ ಕೊಟ್ಟ ಚರ್ಮದ ಚೀಲ ಹಿಡಿದುಕೊಂಡು ಕೋಟೆಯಲ್ಲಿ ಇಳಿದೆ.

ಒಂದು ಒಕ್ಕಲು ಮನೆಯ ಹಿತ್ತಲಲ್ಲಿ ಕೋಣೆ ಸಿಕ್ಕಿತು. ಒಂದು ಕಿಟಕಿ, ಒಂದು ಒಲೆ, ಮುಂದೆ ಮೂರು ಹೆಜ್ಜೆ ಅಗಲದ ಜಗಲಿ. ಮನೆಯ ಯಜಮಾನಿಯೂ ನನ್ನ ಹಾಗೆ ಗಂಡನಿಲ್ಲದವರು. ಆದರೆ ಮಗ, ಸೊಸೆ, ಹೊಲ, ದನ ಎಲ್ಲ ಇದ್ದವರು. ಬೆಳಿಗ್ಗೆ ಎದ್ದರೆ ಹೊಲ, ಸಂಜೆ ಬಂದರೆ ಕೊಟ್ಟಿಗೆ. ನನ್ನ ಜೊತೆ ಮಾತಿಗೆ ಅವರಿಗೆ ಪುರಸೊತ್ತು ಇರಲಿಲ್ಲ.

ಊರಿನವರಿಗೆ ನಾನು ‘ನರ್ಸಮ್ಮ’. ನೋವು ಶುರುವಾದ ಮನೆಯಿಂದ ಓಡಿಬಂದು ಕರೆಯುತ್ತಿದ್ದರು, ಮಗು ಅತ್ತ ಮೇಲೆ ಬಿಸಿನೀರು ಕೊಟ್ಟು ಕೈಕಾಲು ತೊಳೆಸಿ ಕಳಿಸುತ್ತಿದ್ದರು. ಹನ್ನೊಂದನೇ ದಿನ ಅದೇ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಬೀದಿಯ ಹೆಂಗಸರೆಲ್ಲ ಹೋಗುತ್ತಿದ್ದರು, ನನ್ನನ್ನು ಕರೆಯುತ್ತಿರಲಿಲ್ಲ. ಬರಿ ಹಣೆಯವಳು ಅಲ್ಲಿಗೆ ಹೋಗಬಾರದು ಎಂದು ನಾನೂ ನಂಬಿಕೊಂಡೇ ಬೆಳೆದವಳು, ಆದ್ದರಿಂದ ಅವರ ಮೇಲೆ ಕೋಪ ಬರುತ್ತಿರಲಿಲ್ಲ. ಭಾನುವಾರ ಮಾತ್ರ ಕಷ್ಟವಾಗುತ್ತಿತ್ತು. ಮಧ್ಯಾಹ್ನ ಊಟ ಮಾಡಿ ಕೂತರೆ, ಬೆಳಗಿನಿಂದ ಬಾಯಿ ಬಿಟ್ಟೇ ಇಲ್ಲವಲ್ಲ ಎಂದು ನೆನಪಾಗುತ್ತಿತ್ತು. ಗಂಟಲು ಸರಿಮಾಡಿಕೊಂಡು ಸುಮ್ಮನೆ “ಹ್ಞೂಂ” ಎಂದು ಒಂದು ಸಲ ಅಂದುಕೊಳ್ಳುತ್ತಿದ್ದೆ.

ಕೋಟೆಗೆ ಹೋದ ಎರಡನೇ ಮಳೆಗಾಲದಲ್ಲಿ ಕಾಡಂಚಿನ ಕುರುಬರ ಹಾಡಿಯಿಂದ ಕರೆ ಬಂತು. ಎಂಟೊಂಬತ್ತು ಗುಡಿಸಲುಗಳ ಹಾಡಿ ಅದು. ನಾನು ಗಾಡಿಯಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಮಗು ಹುಟ್ಟಿಯೇ ಬಿಟ್ಟಿತ್ತು. ಬಾಣಂತಿಯ ತಾಯಿಯೇ ಎಲ್ಲ ಮಾಡಿ ಮುಗಿಸಿದ್ದಳು. ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ವಾಪಸು ಬರುವಾಗ ದಾರಿ ತೋರಿಸಲು ಅದೇ ಅಜ್ಜಿ ಗಾಡಿಯ ಮುಂದೆ ನಡೆದು ಬಂದಳು. ಒಂದು ಕಡೆ ಗಾಳಿಗೆ ಮುರಿದ ಮತ್ತಿ ಮರದ ಕೊಂಬೆ ದಾರಿಗೆ ಅಡ್ಡ ಬಿದ್ದಿತ್ತು. ಗಾಡಿಯವನು ಇಳಿದು ಅದನ್ನು ಎಳೆಯುತ್ತಿದ್ದಾಗ ಕೊಂಬೆಯ ಮೇಲೆ ಹಸಿರು ಮಣಿ ಪೋಣಿಸಿದ ಹಾಗೆ ಏನೋ ಕಂಡಿತು. ಕಡಲೆಕಾಳಿನಷ್ಟು ದಪ್ಪದ ಗುಂಡುಗಳು. ಒಂದರ ಹಿಂದೆ ಒಂದು ಸಾಲಾಗಿ ತೊಗಟೆಗೆ ಅಂಟಿಕೊಂಡಿದ್ದವು, ಒಂದೊಂದರ ನೆತ್ತಿಯ ಮೇಲೂ ಒಂದೊಂದೇ ದಪ್ಪ ಎಲೆ. ಇಳಿದು, ಬಗ್ಗಿ ಉಗುರಿನಿಂದ ಕೀಳಲು ಹೋದೆ.

“ಅದ್ಯಾಕವ್ವ ನಿಂಗೆ? ತಿನ್ನಾಕೂ ಬರಾಕಿಲ್ಲ, ಮುಡಿಯಾಕೂ ಬರಾಕಿಲ್ಲ,” ಎಂದು ಅಜ್ಜಿ ನಕ್ಕಳು.

“ನೋಡೋಕೆ ಚೆನ್ನಾಗಿದೆ,” ಎಂದೆ.

“ಅಂಗಾರೆ ಕೀಳ್ಬ್ಯಾಡ. ತೊಗಟೆ ಸಮೇತ ತಗಂಡೋಗು. ಮಣ್ಣು ಕಂಡ್ರೆ ಆಗಾಕಿಲ್ಲ ಅದುಕ್ಕೆ.” ಸೊಂಟದ ಕತ್ತಿ ತೆಗೆದು ಮೊಳದುದ್ದ ಕೊಂಬೆಯನ್ನು ಕಡಿದು ನನ್ನ ಕೈಗೆ ಕೊಟ್ಟಳು.

ಗಿಡ ಎಂದ ಮೇಲೆ ಮಣ್ಣಿಲ್ಲದೆ ಹೇಗೆ ಬದುಕೀತು ಎಂದು ಅವಳ ಮಾತನ್ನು ನಾನು ಅರ್ಧವೇ ಕೇಳಿದೆ. ಅರ್ಧದಷ್ಟು ಗುಂಡುಗಳನ್ನು ಬಿಡಿಸಿ, ಮಡಕೆಗೆ ಗೊಬ್ಬರದ ಮಣ್ಣು ತುಂಬಿ ನೆಟ್ಟು, ದಿನಕ್ಕೆ ಎರಡು ಸಲ ನೀರು ಹಾಕಿದೆ. ಎಂಟು ದಿನಕ್ಕೆ ಅವು ಕೊಳೆತು ಕೈಗೆ ಲೋಳೆಯಾಗಿ ಬಂದವು. ಕೊಂಬೆಯ ಮೇಲೆಯೇ ಬಿಟ್ಟು ಜಗಲಿಯ ತೊಲೆಗೆ ನೇತು ಹಾಕಿದ್ದ ಗುಂಡುಗಳು ಮಾತ್ರ ಹಾಗೇ ಇದ್ದವು.

ಅಲ್ಲಿಂದ ಮುಂದೆ ನನ್ನ ಭಾನುವಾರಗಳು ಅದರ ಮುಂದೆಯೇ ಕಳೆದವು. ಒಂದರಿಂದ ಹತ್ತು ಮಾಡಬೇಕೆಂಬ ಆಸೆ ಯಾಕೆ ಬಂತೋ ತಿಳಿಯದು. ಹೇಳಿಕೊಡುವವರಿರಲಿಲ್ಲ, ಕೆಡಿಸಿಕೊಂಡೇ ಕಲಿತೆ. ಒಂದೊಂದೇ ಗುಂಡು ಕತ್ತರಿಸಿ ಇಟ್ಟರೆ ಒಣಗಿ ಮೆಣಸಿನ ಕಾಳಿನಂತಾಗುತ್ತಿತ್ತು. ಎರಡೆರಡು ಬಿಟ್ಟರೆ ಸಾಯುತ್ತಲೂ ಇರಲಿಲ್ಲ, ಚಿಗುರುತ್ತಲೂ ಇರಲಿಲ್ಲ. ಮೂರು ನಾಲ್ಕು ಗುಂಡುಗಳು ಒಟ್ಟಿಗೆ ಇರುವಂತೆ, ನಡುವಿನ ಬಳ್ಳಿಯನ್ನು ಕತ್ತರಿಸಿ ತೆಗೆದರೆ ಮಾತ್ರ ತುದಿಯಿಂದ ಸೂಜಿಮೊನೆಯಷ್ಟು ಹಸಿರು ಹೊರಡುತ್ತಿತ್ತು. ಆಸ್ಪತ್ರೆಯಲ್ಲಿ ತೆಗೆದುಹಾಕಿದ ಹಳೆಯ ಕತ್ತರಿಯೊಂದು ನನ್ನಲ್ಲಿತ್ತು. ಅದನ್ನು ನೀರಿನಲ್ಲಿ ಕುದಿಸಿ, ಆರಿಸಿ, ಆಮೇಲೆ ಕತ್ತರಿಸುತ್ತಿದ್ದೆ. ಕುದಿಸದೆ ಯಾವುದನ್ನೂ ಕತ್ತರಿಸಲು ನನ್ನ ಕೈ ಒಪ್ಪುತ್ತಿರಲಿಲ್ಲ. ಗಾಯಕ್ಕೆ ಒಲೆಯ ಬೂದಿ ಒತ್ತಿ ಎರಡು ದಿನ ನೀರು ತೋರಿಸುತ್ತಿರಲಿಲ್ಲ. ಆಮೇಲೆ ಮಾವಿನ ತೊಗಟೆಗೋ ತೆಂಗಿನ ಸಿಪ್ಪೆಗೋ ಬಾಳೆನಾರಿನಿಂದ ಕಟ್ಟುತ್ತಿದ್ದೆ. ದಾರದಲ್ಲಿ ಕಟ್ಟಿದರೆ ಅದು ಬಳ್ಳಿಯನ್ನು ಕೊರೆಯುತ್ತದೆ. ನಾರು, ಬೇರು ಹಿಡಿಯುವ ಹೊತ್ತಿಗೆ ತಾನಾಗಿ ಕೊಳೆತು ಬೀಳುತ್ತದೆ. ತೊಗಟೆ ಸಾಲದೆ ಒಡೆದ ಮಡಕೆಯ ಚೂರಿಗೆ ಕಟ್ಟಿದ್ದೂ ಬದುಕಿತು. ಎಲೆ ಉದುರಿದ ಹಳೇ ಗುಂಡುಗಳು ಸತ್ತವೆಂದು ಒದ್ದೆ ಸಿಪ್ಪೆಯ ಬುಟ್ಟಿಗೆ ಎಸೆದಿದ್ದೆ. ಎರಡು ತಿಂಗಳ ಮೇಲೆ ಬುಟ್ಟಿ ಸರಿಸುವಾಗ ನೋಡಿದರೆ ಅವುಗಳಲ್ಲಿ ಮೂರು ಚಿಗುರಿದ್ದವು. ಅಂದು ಎಷ್ಟು ಸಂತೋಷವಾಯಿತೆಂದರೆ, ಯಾರಿಗಾದರೂ ಹೇಳಲೇಬೇಕೆಂದು ಎದ್ದು ಬಾಗಿಲವರೆಗೆ ಹೋಗಿ, ಹೇಳಲು ಯಾರೂ ಇಲ್ಲವೆಂದು ವಾಪಸು ಬಂದು ಕೂತೆ.

ಕಾರ್ತಿಕದಲ್ಲಿ ಮೊದಲ ಹೂ ಬಂತು. ಜೋಳದ ಕಾಳಿನಷ್ಟು ದೊಡ್ಡದು, ಅಷ್ಟೇ. ಹಳದಿ ಬೆರೆತ ಹಸಿರು, ನಡುವೆ ಕಂದು ಬಣ್ಣದ ಪುಟ್ಟ ನಾಲಿಗೆ. ಮುಖ ಹತ್ತಿರ ತಂದರೆ ನನ್ನ ಉಸಿರಿಗೇ ಆ ನಾಲಿಗೆ ಅಲುಗುತ್ತಿತ್ತು. ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದೆ. ವಯಸ್ಸಾದವರು, ಮಾತು ಕಡಿಮೆ. ಕನ್ನಡಕ ತೆಗೆದು ಗಾಜನ್ನು ಹೂವಿನ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಆರ್ಕಿಡ್ ಜಾತಿ ಅಮ್ಮ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ದೊಡ್ಡದು ನೋಡಿದ್ದೇನೆ, ಇಷ್ಟು ಸಣ್ಣದು ಇರುತ್ತದೆ ಅಂತ ಗೊತ್ತಿರಲಿಲ್ಲ. ಮರದ ರಸ ಹೀರುವುದಲ್ಲ ಇದು. ಸುಮ್ಮನೆ ಕೂತಿರುತ್ತದೆ.”

ಆ ಚಳಿಗಾಲದಲ್ಲಿ ಯಜಮಾನಿಯ ಸೊಸೆ ಜಗಲಿಗೆ ಬರಲು ಶುರುಮಾಡಿದಳು. ಬೆಟ್ಟದಪುರದ ಕಡೆಯ ಹುಡುಗಿ, ಹದಿನೆಂಟು ಇರಬಹುದು. ಗಂಡ ಕಾಡಿನ ಬಿದಿರಿನ ಕಂತ್ರಾಟು ಹಿಡಿದವರ ಹತ್ತಿರ ಮೇಸ್ತ್ರಿ. ತಿಂಗಳಿಗೆ ಒಂದು ಸಲ ಮನೆಗೆ ಬಂದರೆ ಹೆಚ್ಚು. ಎರಡು ಬಸಿರು ನಿಂತು ಇಳಿದು ಹೋಗಿದ್ದವು. ಈಗ ಮೂರನೆಯದು, ನಾಲ್ಕು ತಿಂಗಳು. ಅತ್ತೆ ಹೊಲಕ್ಕೆ ಹೋದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಒರಗಿ ನಿಂತಳು.

“ಅಕ್ಕ, ದಿನಾ ಇದರ ಮುಂದೆ ಕೂತ್ಕಂಡು ಏನ್ ನೋಡ್ತೀರಿ?”

“ಬಾ, ನೀನೂ ನೋಡು.”

ಉಸಿರು ತಾಗಿ ನಾಲಿಗೆ ಅಲುಗಿದ್ದೇ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಅಯ್ಯೋ, ಬೈತಾ ಅದೆ ಕಣಕ್ಕ ನನ್ನ!”

ಮಾರನೆಯ ದಿನವೂ ಬಂದಳು. ತವರಿನಲ್ಲಿ ಹೊಗೆಸೊಪ್ಪು ಕಟ್ಟಿ ಪಳಗಿದ ಕೈ. ನಾನು ಒಂದು ತುಂಡು ಕಟ್ಟುವುದರೊಳಗೆ ಅವಳು ಮೂರು ಕಟ್ಟುತ್ತಿದ್ದಳು, ಗಂಟು ಎಲ್ಲಿದೆ ಎಂದು ಹುಡುಕಬೇಕು. ನಾನು ಕತ್ತರಿಸುವುದು, ಅವಳು ಕಟ್ಟುವುದು ಎಂದಾಯಿತು. ಕಟ್ಟುತ್ತ ಮಾತಾಡುತ್ತಿದ್ದಳು: ಬೆಟ್ಟದ ಮೆಟ್ಟಿಲು ಹತ್ತುವಾಗ ತಂಗಿಯ ಜೊತೆ ಪಣ ಕಟ್ಟಿದ್ದು, ಅಪ್ಪ ಹಾರನಹಳ್ಳಿ ಸಂತೆಯಿಂದ ತಂದ ಬಳೆ ಗಾಡಿಯಲ್ಲೇ ಒಡೆದದ್ದು. ಎರಡು ತಿಂಗಳಲ್ಲಿ ಅವಳ ತವರಿನ ನಾಯಿಯ ಗುಣವೂ ನನಗೆ ಗೊತ್ತಾಗಿತ್ತು. ಒಂದು ದಿನ ನಾನು ಎಡತೊರೆಯ ನಮ್ಮ ಮನೆಯ ವಿಷಯ, ಹೊಳೆ, ಅಮ್ಮ ಸತ್ತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ನಾರು ಕೆಳಗಿಟ್ಟು ನನ್ನನ್ನೇ ನೋಡಿ, “ನಿಮ್ಗೆ ಇಷ್ಟು ಮಾತು ಬತ್ತದೆ ಅಂತ ಗೊತ್ತೇ ಇರ್ಲಿಲ್ಲ ಅಕ್ಕ,” ಎಂದಳು.

ಇದರ ನಡುವೆಯೇ, ಐದನೇ ತಿಂಗಳಲ್ಲಿ ಅವಳಿಗೆ ಜ್ವರ ಬಂದಿತ್ತು. ದಿನ ಬಿಟ್ಟು ದಿನ, ಮಧ್ಯಾಹ್ನ ಸರಿಯಾಗಿ ನಡುಕ. ಅತ್ತೆ ಕಷಾಯ ಕುಡಿಸಿದರು. ಆಸ್ಪತ್ರೆಯ ಕ್ವಿನೈನ್ ಮಾತ್ರೆ ಉಷ್ಣ, ಬಸುರಿಗೆ ಕೊಟ್ಟರೆ ಬಸಿರು ಇಳಿದುಹೋಗುತ್ತದೆ ಎಂದು ಊರಿನಲ್ಲೆಲ್ಲ ಹೆದರಿಕೆ ಇತ್ತು. ಹೆಚ್ಚಾದರೆ ಅಪಾಯ ಎಂದು ನಮಗೂ ಪಾಠದಲ್ಲಿ ಹೇಳಿದ್ದರು. ಡಾಕ್ಟರನ್ನು ಕೇಳಿದೆ. ಅವರು ಸಣ್ಣ ಪ್ರಮಾಣ ಬರೆದುಕೊಟ್ಟರು. ಅತ್ತೆಗೆ ಗೊತ್ತಾಗದ ಹಾಗೆ ದಿನಾ ಜಗಲಿಯ ಮೇಲೆ ನಾನೇ ನುಂಗಿಸುತ್ತಿದ್ದೆ. ಜ್ವರ ಇಳಿಯಿತು, ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು.

ಏಳನೇ ತಿಂಗಳು. ಒಂದು ಮಧ್ಯಾಹ್ನ ಯಜಮಾನಿ ಹೊಲದಿಂದ ಬೇಗ ಬಂದುಬಿಟ್ಟರು. ಸೊಸೆ ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತು ನಾರು ಸೀಳುತ್ತಿದ್ದಳು. ತೊಲೆಯ ತುಂಬ ತೊಗಟೆ, ಸಿಪ್ಪೆ, ಮಡಕೆಯ ಚೂರು. ಒಂದೊಂದೇ ನೋಡುತ್ತ ಅವರ ಮುಖ ಕಪ್ಪಾಯಿತು.

“ಏನ್ರವ್ವ ಇದು?”

“ಗಿಡ.”

“ಗಿಡ ಅಂತ ನಂಗೂ ಕಾಣ್ತದೆ. ಬಂದಳಿಕೆ ಅಲ್ವಾ ಇದು? ಮಾವಿನ ಮರುಕ್ಕೆ ಅತ್ಕಂಡ್ರೆ ಮರ ಒಂದು ಕಾಯಿ ಕಚ್ಚಾಕಿಲ್ಲ. ಅದ್ನ ತಂದು ಬಸುರಿ ಇರೋ ಮನೇಲಿ ಕಟ್ಟಿದ್ದೀರಲ್ಲ!”

“ಇದು ಬಂದಳಿಕೆ ಅಲ್ಲಮ್ಮ. ಬಂದಳಿಕೆ ಮರದ ಒಳಕ್ಕೆ ಬೇರು ಬಿಟ್ಟು ರಸ ಹೀರುತ್ತೆ. ಇದು ಮೇಲೆ ಕೂತಿರುತ್ತೆ ಅಷ್ಟೇ. ನೋಡಿ, ಮಡಕೆ ಚೂರಿನ ಮೇಲೂ ಬದುಕಿದೆ. ಮಡಕೇಲಿ ಎಲ್ಲಿ ರಸ ಇರುತ್ತೆ?”

“ಓದ್ದೋರು ನೀವು, ನಿಮ್ಗೆ ಮಾತು ಬತ್ತದೆ. ನಂಗೆ ಇವಳ ಎರಡು ಕೂಸು ಮಣ್ಣಿಗಾಕಿ ಗೊತ್ತು.” ಸೊಸೆಯ ಕಡೆ ತಿರುಗಿದರು. “ಏಳೇ ಮೇಲಕ್ಕೆ. ಇನ್ನೊಂದು ಕಿತಾ ಈ ಜಗಲಿಗೆ ಬಂದ್ರೆ ಕಾಲು ಮುರೀತೀನಿ. ಇವ್ರು ಕೊಟ್ಟಿದ್ದು ಏನಾದ್ರೂ ತಿಂದಿದ್ದೀಯಾ?”

ಅವಳು ಹೆದರಿ ಮಾತ್ರೆಯ ವಿಷಯ ಹೇಳಿಬಿಟ್ಟಳು.

ಯಜಮಾನಿ ಕೂಗಾಡಲಿಲ್ಲ. ಕುಕ್ಕೆ ತಂದು, ಒಂದೊಂದೇ ತೊಗಟೆಯನ್ನು ತೊಲೆಯಿಂದ ಬಿಚ್ಚಿ ತುಂಬಿ, ತಿಪ್ಪೆಗೆ ಸುರಿದು ಬಂದರು. ಎರಡು ಕೂಸಿನ ಮಾತು ಕೇಳಿದ ಮೇಲೆ ಅವರನ್ನು ತಡೆಯಲು ನನಗೆ ಆಗಲಿಲ್ಲ. ಸಂಜೆ ಹೋಗಿ ತಿಪ್ಪೆಯಲ್ಲಿ ಹುಡುಕಿದೆ. ಅರ್ಧಕ್ಕರ್ಧ ಮುರಿದಿದ್ದವು. ಉಳಿದವನ್ನು ತೊಳೆದು ಡಾಕ್ಟರ ಅನುಮತಿ ಕೇಳಿ ಆಸ್ಪತ್ರೆಯ ಹಿಂದಿನ ವೆರಾಂಡದಲ್ಲಿ ಕಟ್ಟಿದೆ. ನನ್ನ ಕೋಣೆಯ ಗೋಡೆಯ ಆಚೆ ಸೊಸೆಯ ಬಳೆಯ ಸದ್ದು ಕೇಳುತ್ತಿತ್ತು. ಕೆಮ್ಮಿದರೆ ಕೇಳುತ್ತಿತ್ತು. ಹದಿನೈದು ದಿನಕ್ಕೆ ಮತ್ತೆ ಜ್ವರದ ನರಳಾಟವೂ ಕೇಳಿಸಿತು. ಯಜಮಾನಿಯನ್ನು ಎರಡು ಸಲ ಕೇಳಿಕೊಂಡೆ. ಡಾಕ್ಟರೇ ಒಂದು ಸಲ ಬಂದು ಹೇಳಿದರು. ಯಜಮಾನಿ “ಆಯ್ತು ಬುದ್ಧಿ” ಎಂದರು, ಸೊಸೆಗೆ ಮಾತ್ರೆ ಕೊಡಲಿಲ್ಲ.

ಎಂಟು ತುಂಬುವ ಮೊದಲೇ ಒಂದು ಬೆಳಿಗ್ಗೆ ನೋವು ಬಂತು. ಆಸ್ಪತ್ರೆಯಲ್ಲಿ ಸುದ್ದಿ ಕೇಳಿ ಓಡಿಬಂದೆ. ಊರಿನ ಮುದುಕಿಯೊಬ್ಬಳನ್ನು ಕರೆಸಿದ್ದರು. ಬಾಗಿಲಲ್ಲಿ ಯಜಮಾನಿ ನಿಂತಿದ್ದರು.

“ನೀವು ಒಳೀಕ್ ಬರಬ್ಯಾಡಿ.”

ನನ್ನ ಜಗಲಿಯ ಮೇಲೆ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತೆ. ನೂರಾರು ಹೆರಿಗೆ ಮಾಡಿಸಿದವಳು, ಒಂದು ಗೋಡೆಯ ಈಚೆ, ಬರಿ ಕೇಳುತ್ತ. ಮಧ್ಯಾಹ್ನದ ಹೊತ್ತಿಗೆ ಕೂಗು ಸಣ್ಣದಾಯಿತು. ಆಮೇಲೆ ಯಜಮಾನಿ ಬಂದು ಜಗಲಿಯ ಕೆಳಗೆ ನಿಂತು, “ಬನ್ನಿ,” ಎಂದರು. ಅಷ್ಟೇ.

ಮಗು ಕಾಲು ಮುಂದಾಗಿ ಬಂದಿತ್ತು. ಹೊರಗೆ ತೆಗೆದೆ. ಹೆಣ್ಣು. ಉಸಿರಿರಲಿಲ್ಲ. ಬಿಸಿನೀರು, ತಣ್ಣೀರು, ಬಾಯಿಗೆ ಬಾಯಿಟ್ಟು ಊದುವುದು, ಕಲಿತದ್ದನ್ನೆಲ್ಲ ಮಾಡಿದೆ. ಆಮೇಲೆ ತಾಯಿಗೆ ರಕ್ತ ನಿಲ್ಲದೆ ಮಗುವನ್ನು ಕೆಳಗಿಟ್ಟು ಅವಳ ಕಡೆ ತಿರುಗಬೇಕಾಯಿತು. ಸಂಜೆಯ ಹೊತ್ತಿಗೆ ಅವಳು ಉಳಿಯುತ್ತಾಳೆ ಎಂಬ ಧೈರ್ಯ ಬಂತು. ಯಜಮಾನಿ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಬೈದಿದ್ದರೆ ಉತ್ತರ ಹೇಳಬಹುದಿತ್ತು.

ಮೂರನೇ ದಿನ ಸೊಸೆಯನ್ನು ನೋಡಲು ಹೋದಾಗ ಅವಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ನಾನು ನಾಡಿ ಹಿಡಿದೆ.

“ಅಕ್ಕ, ನಾನು ಆ ಗಿಡ ಮುಟ್ಬಾರ್ದಿತ್ತು, ಅಲ್ವಾ?”

“ಗಿಡದಿಂದ ಅಲ್ಲ ಕಣೆ. ಜ್ವರದಿಂದ.”

“ಮಾತ್ರೆಯಿಂದ ಅಲ್ವಾ ಮತ್ತೆ?”

ಗಿಡದ ವಿಷಯಕ್ಕೆ ನನ್ನಲ್ಲಿ ಉತ್ತರವಿತ್ತು. ಇದಕ್ಕೆ ಒಡನೆ ಬಾಯಿ ಬರಲಿಲ್ಲ. ಆ ಒಂದು ಗಳಿಗೆ ತಡವಾದದ್ದನ್ನು ಅವಳು ಗಮನಿಸಿದಳು. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದಳು. ಅವಳ ಬೆನ್ನಿಗೇ ಹೇಳಿದೆ, “ಅಲ್ಲ, ಮಾತ್ರೆಯಿಂದಲೂ ಅಲ್ಲ,” ಎಂದು.

ಡಾಕ್ಟರನ್ನು ಕೇಳಿದೆ. “ಮಾತ್ರೆ ನಿಲ್ಲಿಸಿದ್ದಕ್ಕೇ ಜ್ವರ ಏರಿತು, ಜ್ವರವೇ ಮಗುವನ್ನು ತಿಂದಿತು ಅಂತ ನನ್ನ ಅಂದಾಜು. ಆದರೆ ಆಣೆ ಮಾಡಿ ಹೇಳು ಅಂದರೆ ಹೇಗೆ ಹೇಳಲಿ?” ಎಂದರು. ಅವರು ಸತ್ಯವಂತರು. ಸುಳ್ಳಾದರೂ ಆಣೆ ಮಾಡಬಾರದಿತ್ತೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ತಿಂಗಳು ತುಂಬಿದ ಮೇಲೆ ತವರಿನಿಂದ ಗಾಡಿ ಬಂತು. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಅವಳು ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಹತ್ತಿ ಕೂತಳು. ಗಾಡಿ ಹೋಯಿತು. ಆ ವಾರವೇ ನಾನು ಕೋಣೆ ಬಿಟ್ಟು ಆಸ್ಪತ್ರೆಯ ಹಿಂದೆ ಖಾಲಿ ಇದ್ದ ಸಾಮಾನಿನ ಕೋಣೆಗೆ ಹೋದೆ. ಊರಿನ ಹೆಂಗಸರು ನನ್ನನ್ನು ಕರೆಯುವುದು ಕೆಲವು ತಿಂಗಳು ಕಡಿಮೆಯಾಯಿತು, ಆಮೇಲೆ ಬೇರೆ ದಾರಿ ಇಲ್ಲದೆ ಮತ್ತೆ ಶುರುವಾಯಿತು. ಕತ್ತರಿಸುವುದೂ ಕಟ್ಟುವುದೂ ಮತ್ತೆ ನನ್ನೊಬ್ಬಳ ಕೆಲಸವಾಯಿತು. ಮೊದಲು ಒಬ್ಬಳೇ ಮಾಡುತ್ತಿದ್ದಾಗ ಅದು ಬೇಸರ ಅನಿಸಿರಲಿಲ್ಲ. ಈಗ ಮೂರು ತುಂಡು ಕಟ್ಟುವಷ್ಟರಲ್ಲಿ ಎದ್ದುಬಿಡುತ್ತಿದ್ದೆ. ಗಿಡಗಳನ್ನು ಎಸೆದುಬಿಡೋಣ ಎಂದು ಒಂದು ಬೇಸಿಗೆಯಲ್ಲಿ ನೀರು ಹಾಕುವುದನ್ನೇ ನಿಲ್ಲಿಸಿದೆ. ಗುಂಡುಗಳೆಲ್ಲ ಸುಕ್ಕುಗಟ್ಟಿದವು. ಮೊದಲ ಮಳೆ ಬಿದ್ದು ನಾಲ್ಕು ದಿನಕ್ಕೆ ನೋಡಿದರೆ ಮತ್ತೆ ಉಬ್ಬಿ ನಿಂತಿದ್ದವು. ನನ್ನ ನೀರು ಅವಕ್ಕೆ ಬೇಕೇ ಇರಲಿಲ್ಲ.

ನಾಲ್ಕು ವರ್ಷದ ಮೇಲೆ ಹುಣಸೂರಿಗೆ ವರ್ಗವಾಯಿತು. ಒಂದು ಬುಟ್ಟಿಯಷ್ಟು ತೆಗೆದುಕೊಂಡು, ಉಳಿದದ್ದನ್ನು ಆಸ್ಪತ್ರೆಯ ಹೊಂಗೆ ಮರಕ್ಕೆ ಕಟ್ಟಿ ಬಂದೆ. ಹುಣಸೂರಿನಲ್ಲಿ ಮರದ ಡಿಪೋ ಇತ್ತು. ಕಾಕನಕೋಟೆಯ ಕಾಡಿನ ದಿಮ್ಮಿಗಳು ಗಾಡಿಯ ಮೇಲೆ ಬರುತ್ತಿದ್ದವು, ಅವುಗಳ ತೊಗಟೆಗೆ ಇಂಥದ್ದೇ ಬೇರೆ ಬೇರೆ ಜಾತಿಯವು ಅಂಟಿಕೊಂಡು ಬರುತ್ತಿದ್ದವು. ತೊಗಟೆ ಸುಲಿದು ಸುಡುವ ಮೊದಲು ನಾನು ಹೋಗಿ ಆರಿಸುತ್ತಿದ್ದೆ. ಕಾವಲಿನ ಸಾಬರು ದೂರದಿಂದಲೇ, “ಬನ್ನಿ ನರ್ಸಮ್ಮ, ಇವತ್ತು ನಿಮ್ಮ ಕಸ ಭಾಳ ಬಂದೈತೆ,” ಎಂದು ಕೂಗುತ್ತಿದ್ದರು. ಮನೆಯ ಹಿಂದಿನ ಗೋಡೆ ತುಂಬಿತು. ಬೆಳೆದ ತುಂಡುಗಳನ್ನು ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದವರಿಗೂ, ಬದುಕುವುದು ಕಷ್ಟ ಎಂದು ಸುಳ್ಳು ಹೇಳುತ್ತಿದ್ದೆ.

ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಹೊರಡುವ ಮೊದಲು ಬಸ್ಸಿನ ಹಿಂದಿನ ಒಲೆಗೆ ಇದ್ದಿಲು ತುಂಬಿ ಅರ್ಧ ಗಂಟೆ ಗಾಳಿಚಕ್ರ ತಿರುಗಿಸಬೇಕು. ಒಂದು ಬೆಳಿಗ್ಗೆ ಹಾಗೆ ನಿಂತಿದ್ದ ಪಿರಿಯಾಪಟ್ಟಣದ ಬಸ್ಸಿನ ಹತ್ತಿರ ಯಾರೋ “ನರ್ಸಮ್ಮ!” ಎಂದರು. ತಿರುಗಿದೆ. ಅವಳೇ. ಮೈ ತುಂಬಿಕೊಂಡಿದ್ದಳು, ಕಂಕುಳಲ್ಲಿ ಒಂದು ಮಗು, ಸೀರೆ ಹಿಡಿದುಕೊಂಡು ಇನ್ನೊಂದು.

“ಚೆನ್ನಾಗಿದ್ದೀರಾ? ಅದೇ ಕೋಟೆ ಮನೇಲೇ ಇದ್ದೀವಿ ಕಣ್ರೀ. ಅತ್ತೆ ಹೋದ ವರ್ಷ ತೀರ್ಕಂಡ್ರು. ತಂಗಿ ಮದುವೆ, ಊರಿಗೆ ಹೊಂಟಿದ್ದೀವಿ.”

“ಮಕ್ಕಳು?”

“ದೊಡ್ಡೋನು ಇವನು, ಇವಳು ಎರಡನೇದು. ಎರಡೂ ಮೈಸೂರು ಆಸ್ಪತ್ರೇಲೇ ಆದವು. ನಮ್ಮೆಜಮಾನ್ರೇ ಮೊಂಡು ಬಿದ್ದು ಕರ್ಕಂಡೋಗಿದ್ರು.”

“ಜ್ವರ ಬರಲಿಲ್ಲವಾ?”

“ಬರ್ದೆ ಏನು? ಕೋಟೆ ಜ್ವರ ಬಿಟ್ಟಾತಾ? ಎರಡು ಬಸುರಲ್ಲೂ ಬಂತು. ಅಲ್ಲಿ ಡಾಕ್ಟ್ರಮ್ಮ ಅದೇ ಕಹಿ ಮಾತ್ರೆ ಕೊಟ್ರು. ಕೊನೇವರ್ಗೂ ತಗಂಡೆ.”

ಮಗುವಿನ ಮೂಗು ಒರೆಸುತ್ತ ಅವಳು ಇದನ್ನು ಹೇಳಿದಳು, ಸುಮ್ಮನೆ ಹೇಳುವ ಹಾಗೆ. ಅದೇ ಮಾತ್ರೆ. ಕೊನೆಯವರೆಗೆ. ಪಕ್ಕದಲ್ಲಿದ್ದ ಬಸ್ಸಿನ ಕಂಬಿಯನ್ನು ಹಿಡಿದುಕೊಂಡೆ, ಅದು ಕಾದಿತ್ತು, ಕೈ ತೆಗೆದೆ. ಅವಳಿಗೆ ನನ್ನ ಮುಖದಲ್ಲಿ ಏನಾದರೂ ಕಂಡಿತೋ ಏನೋ, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎಂಜಿನ್ ಶುರುವಾಗಿ ಜನ ನುಗ್ಗಿದರು. ಹುಡುಗನನ್ನು ನಾನು ಎತ್ತಿ ಕಿಟಕಿಯಿಂದ ಒಳಕ್ಕೆ ಕೊಟ್ಟೆ. ಮೈ ಬೆಚ್ಚಗಿತ್ತು, ಬೆಲ್ಲದ ವಾಸನೆ ಬರುತ್ತಿತ್ತು. ಗಿಡದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಹೊಗೆ ಬಿಟ್ಟುಕೊಂಡು ಪಿರಿಯಾಪಟ್ಟಣದ ರಸ್ತೆ ಹಿಡಿಯಿತು.

ಅಂದು ಡಿಪೋದ ಹಿಂದಿನ ಬೀದಿಯಲ್ಲಿ ಗಾಡಿಚಕ್ರ ಮಾಡುವವರ ಮನೆಗೆ ಬಾಣಂತಿಯನ್ನು ನೋಡಲು ಹೋಗಬೇಕಿತ್ತು. ಮನೆಗೆ ಬಂದು ಚೀಲ ತೆಗೆದುಕೊಂಡೆ. ಹೊರಡುವ ಮೊದಲು ಹಿಂದಿನ ಗೋಡೆಯ ಹತ್ತಿರ ಹೋಗಿ, ಚೆನ್ನಾಗಿ ಬೇರು ಹಿಡಿದ ಒಂದು ಸಿಪ್ಪೆಯನ್ನು ಬಿಚ್ಚಿ ಕಾಗದದಲ್ಲಿ ಸುತ್ತಿದೆ. ಆ ಬಾಣಂತಿ ಒಂದು ಗಿಡ ಕೊಡಿ ಎಂದು ನನ್ನನ್ನು ಮೂರು ಸಲ ಕೇಳಿದ್ದಳು.